ಇನ್ನೂರ ಇಪ್ಪತ್ತರಲ್ಲಿ ಕಳೆದು

ಇನ್ನೂರ ಇಪ್ಪತ್ತರಲ್ಲಿ ನಿನ್ನ ವಯಸ್ಸು ಕಳಿ, ಅಂದರು
ಗಾದಿಲಿಂಗ ಮೇಷ್ಟ್ರು, ಕೊರಳಲ್ಲಿ ಸೀಟಿ, ಬೆಳಗಿನ ಐದೂವರೆ,
ಮೈದಾನದ ಗೋಡೆಗೆ ಬೆನ್ನು ಕೊಟ್ಟು.
ಉಳಿದದ್ದು ನಿನ್ನ ಎದೆಬಡಿತದ ತುದಿ.
ಅದರ ಮುಕ್ಕಾಲು ದಾಟಬ್ಯಾಡ.

ಯಾವ ವಯಸ್ಸು ಸಾರ್?

ಆಧಾರ್ ಕಾರ್ಡಿನಲ್ಲಿ ಜೂನ್ ಒಂದು.
ಅದು ಹೆಡ್ ಮೇಷ್ಟ್ರು ನನ್ನನ್ನು ಹುಟ್ಟಿಸಿದ ದಿನ;
ಆ ವರ್ಷ ಒಂದನೇ ಇಯತ್ತೆಗೆ ಸೇರಿದ ಹನ್ನೊಂದು ಮಂದಿಯೂ
ಒಂದೇ ಬೆಳಿಗ್ಗೆ ಹುಟ್ಟಿದೆವು.
ಅವ್ವನ ಲೆಕ್ಕ ಬೇರೆ:
ಹಗರಿ ದಂಡೆ ಮೀರಿ ಬಂದ ವರ್ಷ,
ಕರೇ ಎಮ್ಮೆ ಅವಳಿ ಕರು ಹಾಕಿದ ವಾರ.
ನಲವತ್ತಾರೋ, ಐವತ್ತೋ.
ನಾಲ್ಕು ಬಡಿತ ಅತ್ತಿತ್ತ.

ಮೇಷ್ಟ್ರು ಸೀಟಿ ಕಚ್ಚಿ ಯೋಚಿಸಿದರು.
"ಲೆಕ್ಕ ಬಿಡವ್ವ. ಓಡ್ತಾ ಮಾತಾಡಾಕ ಬರಬೇಕು,
ಹಾಡಾಕ ಬರಬಾರದು. ಅಷ್ಟೆ."

ಪೊಲೀಸ್ ಸೆಲೆಕ್ಷನ್ನಿನ ಹುಡುಗರು
ದೂಳೆಬ್ಬಿಸಿ ದಾಟಿಹೋದರು.
ಜೊತೆಗೆ ಯಾರಿಲ್ಲ, ಬೇವಿನ ಮರಗಳಿಗೆ
ರೇಟು ಒಪ್ಪಿಸುತ್ತ ಓಡಿದೆ:
ಜಿಪ್ಪಿಗೆ ಎರಡೂವರೆ, ಬೆಲ್ಟಿಗೆ ಮೂರು,
ಹಿಂದಿನ ಜೇಬು ಜೋಡಿಗೆ ನಾಲ್ಕು,
ನಾಲ್ಕನೇ ಮರದ ಹತ್ತಿರ ಮಾತು ತುಂಡಾಯಿತು.

ನಿಧಾನ, ಸುಂಕಮ್ಮ, ನಿಧಾನ!

ಇಪ್ಪತ್ತೆರಡು ವರ್ಷ ಪೀಸ್ ರೇಟಿಗೆ ಹೊಲಿದವಳಿಗೆ
ನಿಧಾನ ಅನ್ನೋದು ಬೈಗುಳ.
ನಿಧಾನ ಅಂದರೆ ಶನಿವಾರದ ಬಟವಾಡೆಯಲ್ಲಿ
ಒಂದು ನೋಟು ಕಡಿಮೆ.
ಮೋಟಾರು ಅರಚುವಾಗ
ಪೆಡಲಿನಿಂದ ಪಾದ ಎತ್ತಿದವಳಲ್ಲ ನಾನು.
ಕ್ಯಾಂಪಿನ ಡಾಕ್ಟರು ಬಿಪಿ ನೋಡಿ ನಡೀರಿ ಅಂದಿದ್ದರು,
ನಡೆಯುತ್ತ ನಡೆಯುತ್ತ ಯಾವಾಗಲೋ ಓಡಿದ್ದೆ,
ಯಾರೋ ಹಿಂದಿನಿಂದ ಬಂಡಲು ಎಣಿಸುತ್ತಿರುವ ಹಾಗೆ.

ಓನರಿನ ಮಗ ಬೇಸರಾಗಿ ಕೊಟ್ಟ ವಾಚು,
ಪಟ್ಟಿ ಹರಿದಿತ್ತು.
ಡೆನಿಮ್ ತುಂಡಿಗೆ ಡಬಲ್ ಹೊಲಿಗೆ ಹಾಕಿ ಕಟ್ಟಿಕೊಂಡೆ.
ಹಸಿರು ಬೆಳಕು ಚರ್ಮದೊಳಗೆ ಇಣುಕಿ ಹೇಳುತ್ತಿತ್ತು:
ನೂರ ಇಪ್ಪತ್ತೊಂಬತ್ತು. ಸರಿ. ನೂರ ಮೂವತ್ತೆಂಟು. ಜಾಸ್ತಿ.
ಏಪ್ರಿಲ್ಲಿನಲ್ಲಿ ಅದೇ ಸುತ್ತು, ಅದೇ ಹೆಜ್ಜೆ, ಹತ್ತು ಹೆಚ್ಚು.
"ಬಿಸಿಲಿಗೆ ಬಾಡಿಗಿ ಕೊಡಬೇಕಲ್ಲ," ಅಂದರು ಮೇಷ್ಟ್ರು.
ಹುಡುಗರು ನಗುತ್ತ ನನ್ನನ್ನು ಎರಡನೇ ಸಲ ದಾಟಿದರು.

ಒಂದು ದಿನ ಸುಧಾ ಕ್ರಾಸಿನಲ್ಲಿ ಗೇಟು ಬಿತ್ತು.
ಹೊತ್ತಾಗಿತ್ತು, ಜೋರಾಗಿಯೇ ಓಡಿ ಬಂದಿದ್ದೆ. ವಾಚು ಸತ್ತಿತ್ತು.
ಕುತ್ತಿಗೆಗೆ ಎರಡು ಬೆರಳು ಒತ್ತಿ
ಟೀ ಅಂಗಡಿಯ ಗೋಡೆ ಗಡಿಯಾರ ನೋಡಿದೆ.
ಒಂದು ತಾಸು ಮುಂದಿತ್ತದು,
ಸೆಕೆಂಡಿನ ಮುಳ್ಳು ಮಾತ್ರ ಪ್ರಾಮಾಣಿಕ.
ಹದಿನೈದು ಸೆಕೆಂಡಿಗೆ ಮೂವತ್ತೇಳು.

ಅದಿರು ಹೊತ್ತ ಗೂಡ್ಸು,
ತೋರಣಗಲ್ಲಿನ ಕಡೆ, ಆತುರವಿಲ್ಲದೆ.
ಹಾರ್ನು, ಹೊಗೆ, ಯಾರದೋ ಬೈಗುಳ.
ಕೆಂಪು ದೂಳು ಬಂದು ಹುಬ್ಬಿಗೆ ಕೂತಿತು.
ಬೆರಳ ಕೆಳಗೆ ಏನೋ ಒಂದೊಂದೇ ಮೆಟ್ಟಿಲು ಇಳಿಯುತ್ತಿತ್ತು.
ಗಾರ್ಡಿನ ಡಬ್ಬಿ ದಾಟುವಾಗ ಇಪ್ಪತ್ತೆಂಟು.

ನಾನು ಏನೂ ಮಾಡಿರಲಿಲ್ಲ.
ಸುಮ್ಮನೆ ನಿಂತದ್ದಕ್ಕೆ ನನಗೆ ಯಾರಾದರೂ
ಏನಾದರೂ ಕೊಟ್ಟದ್ದು ಅದೇ ಮೊದಲು.
ಗೇಟು ಎದ್ದಮೇಲೂ ಅಲ್ಲೇ ಇದ್ದೆ, ಬೆರಳು ತೆಗೆಯದೆ.
ಆಟೋದವನು ಕೇಳಿದ: ಗಂಟಲು ನೋವೇನಮ್ಮ?

ಜೀನ್ಸಿನ ಬಲಗಡೆ, ದೊಡ್ಡ ಜೇಬಿನೊಳಗೊಂದು ಪುಟ್ಟ ಜೇಬು.
ಯಾರೂ ಬಳಸುವುದಿಲ್ಲ.
ಹಿಂದಿನ ಕಾಲಕ್ಕೆ ಗಡಿಯಾರ ಇಡಾಕಂತ ಮಾಡಿದ್ದಂತೆ,
ಕಟಿಂಗ್ ಮಾಸ್ಟರ್ ಶಫಿ ಅಂದಿದ್ದ.
ಎಷ್ಟು ಸಾವಿರ ಹೊಲಿದೆನೋ, ಒಂದರೊಳಗೂ ಬೆರಳು ಇಟ್ಟಿರಲಿಲ್ಲ.
ಅವತ್ತು ಇಟ್ಟೆ.
ಎರಡು ಬೆರಳಿನಷ್ಟೇ ಜಾಗ.

ಮೋಟಾರಿನ ಸದ್ದು ತಗ್ಗಿದ್ದು ಕೇಳಿ
ಪಕ್ಕದ ಮಷೀನಿನ ರಜಬ್ಬಿ ತಲೆ ಎತ್ತಿದಳು:
ಯಾಕಕ್ಕ, ಮೈಯಾಗ ಹುಷಾರಿಲ್ಲೇನು?

ಮಾತಾಡಾಕ ಬರ್ತೈತಿ, ಅಂದೆ.
ದಾರ ಕಚ್ಚಿ ಕಡಿದು, ಸ್ವಲ್ಪ ಹೊತ್ತು ಬಿಟ್ಟು,
ಹಾಡಾಕೂ ಬಂದೀತು.